ಕ್ವಿಸ್ಲಿಂಗ್: ಹೆಸರೇ ಬೈಗುಳವಾದವನು

ನಾಮಪದಗಳಲ್ಲಿ ರೂಢನಾಮ, ಅಂಕಿತನಾಮ, ಅನ್ವರ್ಥನಾಮ ಎಂದು ಮೂರು ಬಗೆಗಳುಂಟೆಂಬುದನ್ನು ನಾವೆಲ್ಲರೂ ಹೈಸ್ಕೂಲಿನ ವ್ಯಾಕರಣಪಾಠದಲ್ಲಿ ಉರುಹೊಡೆದವರೇ. ನದಿ, ಬೆಟ್ಟ, ಮನುಷ್ಯ ಇವು ರೂಢನಾಮಗಳು. ಕಾವೇರಿ, ರಾಮ ಇವು ಅಂಕಿತನಾಮಗಳು. ಆದರೆ ಒಂದು ಅಂಕಿತನಾಮವೇ ರೂಢನಾಮವಾಗಿಬಿಡಬಹುದೆಂದು ಆಗ ನಮಗೆ ಯಾರೂ ಹೇಳಿರಲಿಲ್ಲ. ಕಳೆದ ವರ್ಷ ಇಂಗ್ಲಿಷ್ ಗದ್ಯಪಾಠವೊಂದನ್ನು ಓದುತ್ತಿದ್ದಾಗ ಕ್ವಿಸ್ಲಿಂಗ್ ಎಂಬ ಮಾತು ಎದುರಾಯಿತು. ಅರ್ಥ ತಿಳಿಯದೆ ಕಾಲೇಜಿನ ಪುಸ್ತಕಭಂಡಾರದ ದೊಡ್ಡ ನಿಘಂಟನ್ನು ತೆಗೆದು ನೋಡಿದೆ. ತನ್ನ ದೇಶವನ್ನು ಆಕ್ರಮಿಸಿದ ಶತ್ರುವಿನೊಡನೆ ಕೈಗೂಡಿಸುವ ದ್ರೋಹಿ ಎಂದು ಅರ್ಥ ಕೊಟ್ಟಿದ್ದರು. ಪದವನ್ನು ಸಣ್ಣ ಅಕ್ಷರದಿಂದಲೇ ಅಚ್ಚುಮಾಡಿದ್ದರು. ಅದು ನಾರ್ವೆ ದೇಶದ ಒಬ್ಬ ಮನುಷ್ಯನ ಹೆಸರಿನಿಂದ ಬಂದುದೆಂದು ಕೆಳಗೆ ಒಂದು ಸಾಲು ಮಾತ್ರ ಇದ್ದಿತು.

ಸತ್ತ ಮೇಲೆ ಹೆಸರು ಬೀದಿಗೋ ಶಾಲೆಗೋ ಉಳಿಯಲೆಂದು ಜನ ಆಸೆಪಡುತ್ತಾರೆ. ಈತನ ಹೆಸರಾದರೋ ಬೈಗುಳವಾಗಿ ಉಳಿಯಿತು. ಇಂಥವನು ಹುಟ್ಟಾ ದುಷ್ಟನೋ, ಹಣದಾಸೆಯ ದಡ್ಡನೋ ಆಗಿರಬೇಕೆಂದು ನಾನು ಎಣಿಸಿದೆ. ಆತನ ಚರಿತ್ರೆಯನ್ನು ಓದಿದಾಗ ತಿಳಿದ ಸಂಗತಿ ಇದಕ್ಕೆ ವಿರುದ್ಧವಾಗಿತ್ತು. ಆತನು ತನ್ನ ತರಗತಿಯಲ್ಲಿ ಮೊದಲಿಗ. ಕ್ಷಾಮದಲ್ಲಿ ಸಾಯುತ್ತಿದ್ದವರಿಗೆ ಅನ್ನ ದೊರಕಿಸಲು ದುಡಿದವನು. ನಮ್ಮ ಮನೆಯಲ್ಲಿ ನನಗಿಂತ ಮೊದಲು ಕಾಲೇಜು ಕಂಡವರು ಯಾರೂ ಇಲ್ಲ. ಚೆನ್ನಾಗಿ ಓದಿದವನು ಕೆಡಲಾರನೆಂಬುದು ನಮ್ಮ ಮನೆಯವರ ನಂಬಿಕೆ. ಆ ನಂಬಿಕೆಯೇ ನನ್ನನ್ನು ಇಲ್ಲಿಯವರೆಗೆ ಕಳುಹಿಸಿದ್ದು. ಆದುದರಿಂದ ಈ ಮನುಷ್ಯನ ಬದುಕನ್ನು ಅರ್ಧಕ್ಕೆ ಬಿಟ್ಟು ಪುಸ್ತಕವನ್ನು ಮುಚ್ಚಿಡಲು ನನ್ನಿಂದ ಆಗಲಿಲ್ಲ.

ವಿದ್ಕುನ್ ಕ್ವಿಸ್ಲಿಂಗ್ 1887ನೆಯ ಇಸವಿ ಜುಲೈ 18ರಂದು ನಾರ್ವೆಯ ತೆಲೆಮಾರ್ಕ್ ಪ್ರಾಂತದ ಫಿರೆಸ್‌ದಾಲ್ ಎಂಬ ಹಳ್ಳಿಯಲ್ಲಿ ಹುಟ್ಟಿದನು. ತಂದೆ ಯೋನ್ ಕ್ವಿಸ್ಲಿಂಗ್ ಲೂಥರನ್ ಪಂಥದ ಪಾದ್ರಿ. ವಂಶಾವಳಿಗಳನ್ನು ಶೋಧಿಸುವುದರಲ್ಲಿ ಆಸಕ್ತಿಯಿದ್ದವನು. ತಾಯಿ ಹಡಗುಗಳ ಒಡೆಯನೊಬ್ಬನ ಮಗಳು. ಹುಡುಗ ಮಿತಭಾಷಿ, ಸಂಕೋಚಸ್ವಭಾವದವನು, ಪುಸ್ತಕದ ಹುಳು. ತಂದೆಗೆ ವರ್ಗವಾಗಿ ಸಂಸಾರ ದ್ರಾಮೆನ್ ಪಟ್ಟಣಕ್ಕೆ ಬಂದಾಗ ಅಲ್ಲಿಯ ಶಾಲೆಯ ಹುಡುಗರು ಇವನ ಹಳ್ಳಿಯ ನುಡಿಯನ್ನು ಕೇಳಿ ಹಾಸ್ಯಮಾಡುತ್ತಿದ್ದರಂತೆ. ಹಳ್ಳಿಯಿಂದ ಪೇಟೆಯ ಕಾಲೇಜಿಗೆ ಬಂದ ನಮ್ಮಲ್ಲನೇಕರಿಗೆ ಈ ನೋವನ್ನು ವಿವರಿಸಿ ಹೇಳಬೇಕಾಗಿಲ್ಲ. ಆತನು ಅದಕ್ಕೆ ಅಂಕಗಳಿಂದಲೇ ಉತ್ತರ ಕೊಟ್ಟನು. ಚರಿತ್ರೆಯಲ್ಲಿಯೂ ಗಣಿತದಲ್ಲಿಯೂ ಆತನು ಬಲು ಗಟ್ಟಿಗನಾಗಿದ್ದನು.

1905ರಲ್ಲಿ ನಾರ್ವೆಯು ಸ್ವೀಡನ್ನಿನ ಜೊತೆಯ ಕೂಟವನ್ನು ಬಿಟ್ಟು ಪೂರ್ಣ ಸ್ವತಂತ್ರ ದೇಶವಾಯಿತು. ಏಳನೆಯ ಹಾಕನ್ ಎಂಬ ಹೆಸರಿನಿಂದ ಹೊಸ ದೊರೆ ಸಿಂಹಾಸನವನ್ನು ಏರಿದನು. ಅದೇ ವರ್ಷ ಕ್ವಿಸ್ಲಿಂಗ್ ಸೇನಾ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ 250 ಮಂದಿಯೊಳಗೆ ಮೊದಲಿಗನಾಗಿ ತೇರ್ಗಡೆಯಾದನು. ಮುಂದೆ 1911ರಲ್ಲಿ ಉನ್ನತ ಸೇನಾ ವಿದ್ಯಾಲಯದಿಂದ ಹೊರಬಂದಾಗ, 1817ರಲ್ಲಿ ಆ ವಿದ್ಯಾಲಯ ಸ್ಥಾಪಿತವಾದಂದಿನಿಂದ ಯಾರೂ ಪಡೆಯದಷ್ಟು ಅಂಕಗಳನ್ನು ಆತನು ಪಡೆದಿದ್ದನು. ಈ ಸಾಧನೆಗಾಗಿ ದೊರೆಯ ದರ್ಶನವೂ ಆತನಿಗೆ ದೊರೆಯಿತು. ದೊರೆ ಮತ್ತು ಆ ತರುಣ ಅಧಿಕಾರಿ ಹೀಗೆ ಎದುರುಬದುರು ನಿಂತ ಗಳಿಗೆಯನ್ನು ವಾಚಕರು ನೆನಪಿನಲ್ಲಿಡಬೇಕು. 29 ವರ್ಷಗಳ ತರುವಾಯ ಆ ಇಬ್ಬರ ಹೆಸರುಗಳೂ ಮತ್ತೊಮ್ಮೆ ಎದುರುಬದುರಾಗಲಿದ್ದವು.

ಸೈನ್ಯದ ಮುಖ್ಯ ಕಛೇರಿಯಲ್ಲಿ ಆತನಿಗೆ ವಹಿಸಿದ ವಿಷಯ ರಷ್ಯಾ ದೇಶ. ಆತನು ಆ ಭಾಷೆಯನ್ನು ಕಲಿತನು. 1918ರಲ್ಲಿ, ಕ್ರಾಂತಿಯ ಬಿಸಿಯಾರುವ ಮೊದಲೇ, ಪೆತ್ರೋಗ್ರಾದಿನ ನಾರ್ವೆ ರಾಯಭಾರ ಕಛೇರಿಗೆ ಹೋದನು. ಆದರೆ ಆತನ ಬದುಕಿಗೆ ತಿರುವು ಕೊಟ್ಟುದು ಫ್ರಿತ್ಯೋಫ್ ನಾನ್ಸೆನ್ನನ ಸಹವಾಸ. ನಾನ್ಸೆನ್ ಉತ್ತರಧ್ರುವದ ಹಿಮವನ್ನು ತುಳಿದ ಸಾಹಸಿ. ಮಹಾಯುದ್ಧದ ತರುವಾಯ ನಿರಾಶ್ರಿತರ ಸೇವೆಗೆ ತನ್ನನ್ನು ಅರ್ಪಿಸಿಕೊಂಡ ಮಹನೀಯ. 1921ರಲ್ಲಿ ರಷ್ಯಾ ಮತ್ತು ಉಕ್ರೇನ್ ಪ್ರಾಂತಗಳಲ್ಲಿ ಭೀಕರ ಕ್ಷಾಮ ತಲೆದೋರಿತು. ಅಂತರ್ಯುದ್ಧದಿಂದ ಹೊಲಗಳು ಹಾಳುಬಿದ್ದಿದ್ದವು. ಧಾನ್ಯವನ್ನು ಸರ್ಕಾರ ಬಲಾತ್ಕಾರದಿಂದ ಎತ್ತಿಕೊಂಡುಹೋಗಿದ್ದಿತು. ಮೇಲೆ ಮಳೆಯೂ ಕೈಕೊಟ್ಟಿತು. ಪರಿಹಾರಕಾರ್ಯಕ್ಕೆ ನಾನ್ಸೆನ್ ಈ ತರುಣ ಅಧಿಕಾರಿಯನ್ನು ಆರಿಸಿಕೊಂಡನು. 1922ರ ಆರಂಭದಲ್ಲಿ ಕ್ವಿಸ್ಲಿಂಗ್ ಆಗಿನ ಉಕ್ರೇನಿನ ರಾಜಧಾನಿ ಖಾರ್ಕೋವ್ ತಲುಪಿದನು.

ಆತನ ಬದುಕಿನಲ್ಲಿ ನಮ್ಮ ಮೆಚ್ಚುಗೆಗೆ ಅರ್ಹವಾದ ಭಾಗ ಇದೇ. ಎಷ್ಟು ಜನ ಹಸಿದಿದ್ದಾರೆ, ಎಷ್ಟು ಜನ ದಿನವೂ ಸಾಯುತ್ತಿದ್ದಾರೆ, ಎಷ್ಟು ಧಾನ್ಯ ಬೇಕು, ಯಾವ ಹಾದಿಯಲ್ಲಿ ಸಾಗಿಸಬೇಕು ಎಂಬುದನ್ನೆಲ್ಲ ಸೇನಾಧಿಕಾರಿಯ ಶಿಸ್ತಿನಿಂದ ಲೆಕ್ಕಹಾಕಿ ಆತನು ವರದಿಗಳನ್ನು ಕಳುಹಿಸಿದನು. ದಿನಕ್ಕೆ ಸಾವಿರಗಟ್ಟಲೆ ಜನ ಅಳಿಯುತ್ತಿದ್ದಾರೆಂಬ ಆ ಲೆಕ್ಕ ಯೂರೋಪನ್ನು ಎಚ್ಚರಿಸಿತು; ನೆರವು ಹರಿದುಬಂದಿತು. ಆ ವರ್ಷ ನಾನ್ಸೆನ್ನನಿಗೆ ಶಾಂತಿಯ ನೊಬೆಲ್ ಪಾರಿತೋಷಕ ದೊರೆಯಿತು. 1925ರಲ್ಲಿ ಆರ್ಮೀನಿಯಾದ ನಿರಾಶ್ರಿತರಿಗೆ ನೆಲೆ ಕಲ್ಪಿಸುವ ಯೋಜನೆಗೂ ನಾನ್ಸೆನ್ ಇವನನ್ನೇ ಕರೆದುಕೊಂಡು ಹೋದನು. ತರುವಾಯ ಕ್ವಿಸ್ಲಿಂಗ್ ಮಾಸ್ಕೋದಲ್ಲಿ ನೆಲೆಸಿದನು. 1927ರಲ್ಲಿ ಬ್ರಿಟನ್ ಮತ್ತು ರಷ್ಯಾಗಳ ರಾಯಭಾರ ಸಂಬಂಧ ಕಡಿದಾಗ ಅಲ್ಲಿ ಬ್ರಿಟನ್ನಿನ ಹಿತಗಳನ್ನು ನಾರ್ವೆಯ ಕಛೇರಿ ನೋಡಿಕೊಂಡಿತು. ಆ ಕೆಲಸ ನಡೆಸಿದವನು ಇವನು. ಬ್ರಿಟಿಷ್ ಸರ್ಕಾರ ಅದಕ್ಕಾಗಿ ಬಿರುದನ್ನು ಕೊಟ್ಟಿತು. 1940ರಲ್ಲಿ ಅದನ್ನು ಕಿತ್ತುಕೊಂಡಿತು.

ಇಲ್ಲಿಯೇ ಆತನ ಕಥೆ ಮುಗಿದಿದ್ದರೆ ಇಂದು ನಾರ್ವೆಯ ಯಾವುದಾದರೂ ಬೀದಿಗೆ ಆತನ ಹೆಸರಿರುತ್ತಿತ್ತೋ ಏನೋ! ಆದರೆ ಅದೇ ಕ್ಷಾಮ ನಾನ್ಸೆನ್ನನ ಮನಸ್ಸಿನಲ್ಲಿ ಒಂದು ಬಗೆಯಾಗಿ, ಕ್ವಿಸ್ಲಿಂಗನ ಮನಸ್ಸಿನಲ್ಲಿ ಇನ್ನೊಂದು ಬಗೆಯಾಗಿ ಕೆಲಸ ಮಾಡಿತು. ನಾನ್ಸೆನ್ ಹಸಿದವರನ್ನು ಕಂಡು, ಯಾವ ಪಕ್ಷದವನಾದರೂ ಹಸಿದವನು ಹಸಿದವನೇ ಎಂದು ತಿಳಿದನು. ಕ್ವಿಸ್ಲಿಂಗ್ ಈ ದುರವಸ್ಥೆಗೆ ಕಾರಣರಾದ ಶತ್ರುಗಳು ಯಾರೆಂದು ಹುಡುಕತೊಡಗಿದನು. ಮೊದಮೊದಲು ಕ್ರಾಂತಿಕಾರರ ಸಂಘಟನಾ ಶಕ್ತಿಯನ್ನು ಮೆಚ್ಚಿದ್ದ ಆತನು ಬರಬರುತ್ತ ಅವರ ಕಡುವೈರಿಯಾದನು. ವೈರ ಅಲ್ಲಿಗೆ ನಿಲ್ಲಲಿಲ್ಲ. ಒಂದೊಂದು ಜನಾಂಗಕ್ಕೆ ಒಂದೊಂದು ಗುಣವನ್ನು ಹಚ್ಚಿ, ಉತ್ತರದ ಜನರು ಮೇಲೆಂದೂ ಯೆಹೂದ್ಯರು ಕೇಡಿನ ಮೂಲವೆಂದೂ ನಂಬುವವರೆಗೆ ಅದು ಬೆಳೆಯಿತು. ಲೆಕ್ಕದಲ್ಲಿ ಗಟ್ಟಿಗನಾದ ಮನುಷ್ಯ ಜನರನ್ನೂ ಲೆಕ್ಕದಂತೆ ಬಿಡಿಸಹೊರಟನೆಂದು ನನಗೆ ತೋರುತ್ತದೆ.

1929ರ ಕೊನೆಯಲ್ಲಿ ಆತನು ಸ್ವದೇಶಕ್ಕೆ ಮರಳಿದನು. 1930ರ ಮೇ ತಿಂಗಳಲ್ಲಿ ನಾನ್ಸೆನ್ ತೀರಿಕೊಂಡನು. ಗುರುವಿನ ಮರಣದ ಸಂದರ್ಭದಲ್ಲಿ ಶಿಷ್ಯನು ಪತ್ರಿಕೆಗೆ ಬರೆದ ಲೇಖನವೇ ಆತನ ರಾಜಕೀಯದ ನಾಂದಿಯಾಯಿತು. ಮರುವರ್ಷ ರೈತಪಕ್ಷದ ಮಂತ್ರಿಮಂಡಲದಲ್ಲಿ ಆತನಿಗೆ ರಕ್ಷಣಾ ಮಂತ್ರಿಪದವಿ ದೊರೆಯಿತು. ಅದು ಜಗತ್ತಿನಲ್ಲೆಲ್ಲ ಮುಗ್ಗಟ್ಟಿನ ಕಾಲ. ಮೆನ್ಸ್ತಾದ್ ಎಂಬಲ್ಲಿ ಕಾರ್ಮಿಕರಿಗೂ ಪೋಲೀಸರಿಗೂ ಘರ್ಷಣೆಯಾಗಿ ಸರ್ಕಾರ ಸೈನ್ಯವನ್ನು ಕಳುಹಿಸಿತು. 1932ರಲ್ಲಿ ಪಾರ್ಲಿಮೆಂಟಿನಲ್ಲಿ ನಿಂತು, ಕಾರ್ಮಿಕ ಪಕ್ಷದವರೂ ಕಮ್ಯೂನಿಸ್ಟರೂ ಪರದೇಶದ ನೆರವಿನಿಂದ ಬಂಡಾಯ ಹೂಡುತ್ತಿದ್ದಾರೆಂದು ಆತನು ಆಪಾದನೆ ಹೊರಿಸಿದನು. ಅರ್ಧ ನಾಡು ಆತನನ್ನು ವೀರನೆಂದು ಹೊಗಳಿತು. ಇನ್ನರ್ಧ ಕೆಡುಕನೆಂದು ತೆಗಳಿತು. ಸಹಮಂತ್ರಿಗಳೊಡನೆ ಹೊಂದಿಕೊಂಡು ಹೋಗುವ ಸ್ವಭಾವ ಆತನಿಗಿರಲಿಲ್ಲ. 1933ರ ಆರಂಭದಲ್ಲಿ ಆ ಸರ್ಕಾರ ಬಿದ್ದಿತು.

ಅದೇ ವರ್ಷದ ಮೇ 17, ನಾರ್ವೆಯ ಸಂವಿಧಾನದ ಹಬ್ಬದ ದಿನ. ಆ ದಿನವೇ ಆತನು ನಾಸ್ಯೊನಾಲ್ ಸಾಮ್ಲಿಂಗ್, ಎಂದರೆ ರಾಷ್ಟ್ರೀಯ ಐಕ್ಯ ಎಂಬ ಪಕ್ಷವನ್ನು ಸ್ಥಾಪಿಸಿದನು. ಪಕ್ಷಗಳೆಲ್ಲ ಅಳಿದು ಒಬ್ಬ ನಾಯಕನ ಕೆಳಗೆ ರಾಷ್ಟ್ರ ಒಂದಾಗಬೇಕೆಂಬುದು ಅದರ ತತ್ತ್ವ. ಜರ್ಮನಿಯಲ್ಲಿ ಹಿಟ್ಲರನು ಅಧಿಕಾರಕ್ಕೆ ಬಂದು ಆಗಿನ್ನೂ ನಾಲ್ಕು ತಿಂಗಳಾಗಿರಲಿಲ್ಲ. ಸಮವಸ್ತ್ರದ ಸ್ವಯಂಸೇವಕರ ದಳ ಹುಟ್ಟಿತು. ನಾಯಕನಿಗೆ ಕೈನೀಡಿ ವಂದನೆ ಸಲ್ಲತೊಡಗಿತು. ಆದರೆ ಜನ ಏನೆಂದರು? 1933ರ ಚುನಾವಣೆಯಲ್ಲಿ ಪಕ್ಷಕ್ಕೆ ಬಂದ ಓಟುಗಳು 27,850. 1936ರಲ್ಲಿ ಅದು ಇನ್ನೂ ಇಳಿದು, ನೂರಕ್ಕೆ ಎರಡರಷ್ಟೂ ದೊರೆಯಲಿಲ್ಲ. ಒಂದೇ ಒಂದು ಸ್ಥಾನವೂ ಬರಲಿಲ್ಲ. ಬೆಂಬಲಿಗರು ಚದುರಿಹೋದರು. ಪರೀಕ್ಷೆಯಲ್ಲಿ ಎಂದೂ ಸೋಲದವನು ಜನರ ಪರೀಕ್ಷೆಯಲ್ಲಿ ಎರಡು ಸಲ ಸೋತನು. ಸೋತವನು ತನ್ನ ಉತ್ತರವನ್ನು ತಿದ್ದಿಕೊಳ್ಳಬಹುದಾಗಿತ್ತು. ಆತನು ಹಾಗೆ ಮಾಡದೆ, ಪರೀಕ್ಷೆ ಮಾಡಿದ ಜನರೇ ತಪ್ಪಿದ್ದಾರೆಂದು ನಿಶ್ಚಯಿಸಿದನು. ಆತನ ಪತನ ಆರಂಭವಾದುದು ಈ ನಿಶ್ಚಯದಿಂದ ಎಂದು ನನ್ನ ಭಾವನೆ. ಜರ್ಮನರ ಸೇನೆ ಬಂದುದು ಆಮೇಲಿನ ಮಾತು.

ತನ್ನ ಜನ ಕೊಡದುದನ್ನು ಆತನು ಪರರ ಬಾಗಿಲಲ್ಲಿ ಬೇಡಿದನು. 1939ರ ಡಿಸೆಂಬರಿನಲ್ಲಿ ಬರ್ಲಿನ್ನಿಗೆ ಹೋಗಿ ಹಿಟ್ಲರನನ್ನು ಕಂಡನು. 1940ರ ಏಪ್ರಿಲ್ 9ರ ಬೆಳಗಿನ ಜಾವ ಜರ್ಮನ್ ಸೇನೆ ನಾರ್ವೆಯ ಮೇಲೆ ಬಿದ್ದಿತು. ಓಸ್ಲೋ ಕೊಲ್ಲಿಯ ಒಂದು ಹಳೆಯ ಕೋಟೆಯ ತೋಪುಗಳು ಬ್ಲ್ಯೂಖರ್ ಎಂಬ ದೊಡ್ಡ ಯುದ್ಧನೌಕೆಯನ್ನು ಮುಳುಗಿಸಿದುದರಿಂದ ಶತ್ರುಗಳಿಗೆ ಕೆಲವು ಗಂಟೆಗಳ ವಿಳಂಬವಾಯಿತು. ಆ ವೇಳೆಯಲ್ಲಿ ದೊರೆ, ಮಂತ್ರಿಗಳು ಮತ್ತು ಪಾರ್ಲಿಮೆಂಟಿನ ಸದಸ್ಯರು ರಾಜಧಾನಿಯಿಂದ ಪಾರಾದರು. ಅಂದು ಸಂಜೆ ಕ್ವಿಸ್ಲಿಂಗ್ ರೇಡಿಯೋ ನಿಲಯಕ್ಕೆ ಹೋಗಿ, ತಾನೇ ಪ್ರಧಾನಮಂತ್ರಿಯೆಂದು ಸಾರಿದನು. ಯಾರೂ ಶತ್ರುವನ್ನು ಎದುರಿಸಕೂಡದೆಂದು ಅಪ್ಪಣೆಮಾಡಿದನು. ಯಾರೂ ಆರಿಸದ, ಯಾರೂ ನೇಮಿಸದ ಪ್ರಧಾನಮಂತ್ರಿ!

ಮರುದಿನ ಜರ್ಮನ್ ರಾಯಭಾರಿ ದೊರೆಯನ್ನು ಕಂಡು, ಕ್ವಿಸ್ಲಿಂಗನನ್ನು ಪ್ರಧಾನಮಂತ್ರಿಯಾಗಿ ನೇಮಿಸಬೇಕೆಂದು ಒತ್ತಾಯಿಸಿದನು. ಹಾಕನ್ ದೊರೆ ತನ್ನ ಮಂತ್ರಿಗಳನ್ನು ಕರೆದು, ಜನರ ವಿಶ್ವಾಸವಿಲ್ಲದ ಈತನನ್ನು ತಾನು ನೇಮಿಸಲಾರೆನೆಂದೂ, ಮಂತ್ರಿಗಳು ಬೇರೆ ತೀರ್ಮಾನ ಮಾಡುವುದಾದರೆ ತಾನು ಸಿಂಹಾಸನವನ್ನೇ ಬಿಡುವೆನೆಂದೂ ತಿಳಿಸಿದನು. ಮಂತ್ರಿಗಳು ದೊರೆಯೊಡನೆ ನಿಂತರು. ಮೊದಲಿಗನೆಂದು ಕರೆದು ಮರ್ಯಾದೆ ಮಾಡಿದ ದೊರೆಯೇ ಹೀಗೆ ಆತನನ್ನು ನಿರಾಕರಿಸಿದನು. ಶತ್ರುವಿಮಾನಗಳು ದೊರೆ ತಂಗಿದ್ದ ಹಳ್ಳಿಯ ಮೇಲೆ ಬಾಂಬು ಹಾಕಿದವು. ಆತನು ಕಾಡಿನಲ್ಲಿ ಅಡಗಿ ಉಳಿದು, ಜೂನ್ ತಿಂಗಳಲ್ಲಿ ಲಂಡನ್ ಸೇರಿ ಅಲ್ಲಿಂದ ಹೋರಾಟವನ್ನು ಮುಂದುವರಿಸಿದನು. ಕ್ವಿಸ್ಲಿಂಗನ ಸರ್ಕಾರಕ್ಕೆ ಅಧಿಕಾರಿಗಳೂ ಕಿವಿಗೊಡಲಿಲ್ಲ. ಒಂದು ವಾರ ತುಂಬುವುದರೊಳಗೆ ಜರ್ಮನರೇ ಆತನನ್ನು ಬದಿಗೆ ಸರಿಸಿದರು. ಅಷ್ಟರಲ್ಲಿ ಲಂಡನ್ನಿನ ಟೈಮ್ಸ್ ಪತ್ರಿಕೆ ಆತನ ಹೆಸರನ್ನು ದ್ರೋಹಿಗಳಿಗೆಲ್ಲ ಸಾಮಾನ್ಯವಾದ ಹೆಸರಾಗಿ ಬಳಸಿಬಿಟ್ಟಿತು. ಅಂಕಿತನಾಮ ರೂಢನಾಮವಾದ ಗಳಿಗೆ ಅದು. ಆತನಿಗೆ ಇನ್ನೂ ಐದು ವರ್ಷಗಳ ಆಯುಸ್ಸಿತ್ತು. ತನ್ನ ಹೆಸರು ಬೈಗುಳವಾದುದನ್ನು ಆತನು ತನ್ನ ಕಿವಿಯಿಂದಲೇ ಕೇಳಬೇಕಾಯಿತು.

ನಿಜವಾದ ಅಧಿಕಾರ ಟೆರ್ಬೋವೆನ್ ಎಂಬ ಜರ್ಮನ್ ಅಧಿಕಾರಿಯ ಕೈಯಲ್ಲಿತ್ತು. ಆದರೂ 1942ರ ಫೆಬ್ರವರಿ 1ರಂದು ಜರ್ಮನರು ಕ್ವಿಸ್ಲಿಂಗನಿಗೆ ಮತ್ತೆ ಪಟ್ಟಕಟ್ಟಿದರು. ಇಲ್ಲೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಯೆಹೂದಿ ನಿರಾಶ್ರಿತರಿಗೆ ನೆರವಾಗಿದ್ದ ನಾನ್ಸೆನ್ನನ ಮಗ ಓದ್ ನಾನ್ಸೆನ್ನನ್ನು ಜರ್ಮನರು ಹಿಡಿದು ಸೆರೆಮನೆಗೆ ಹಾಕಿದುದು ಅದೇ ವರ್ಷದ ಜನವರಿಯಲ್ಲಿ. ಗುರುವಿನ ಮಗ ಬಂದಿಖಾನೆಗೆ ಹೋದನು. ಕೆಲವೇ ದಿನಗಳಲ್ಲಿ ಶಿಷ್ಯನು ಪೀಠವನ್ನೇರಿದನು.

ಪೀಠವನ್ನೇರಿದವನು ಮೊದಲು ಕೈಹಾಕಿದ್ದು ಶಾಲೆಗಳಿಗೆ. ಹತ್ತರಿಂದ ಹದಿನೆಂಟು ವರ್ಷದ ಮಕ್ಕಳೆಲ್ಲ ಪಕ್ಷದ ಯುವಕದಳಕ್ಕೆ ಸೇರಬೇಕು, ಉಪಾಧ್ಯಾಯರೆಲ್ಲ ಪಕ್ಷದ ಸಂಘಕ್ಕೆ ಸೇರಬೇಕು ಎಂದು ಶಾಸನವಾಯಿತು. ದೇಶದಲ್ಲಿದ್ದ ಸುಮಾರು 14,000 ಉಪಾಧ್ಯಾಯರಲ್ಲಿ ಹೆಚ್ಚುಕಡಿಮೆ 12,000 ಮಂದಿ, ತಮ್ಮ ಅಂತಃಕರಣಕ್ಕೆ ವಿರುದ್ಧವಾಗಿ ಮಕ್ಕಳಿಗೆ ಕಲಿಸಲಾರೆವೆಂದು ಒಂದೇ ಒಕ್ಕಣೆಯ ಕಾಗದವನ್ನು ಬರೆದು, ತಮ್ಮ ತಮ್ಮ ಹೆಸರು ಹಾಕಿ ಸರ್ಕಾರಕ್ಕೆ ಕಳುಹಿಸಿದರು. ತಾಯಿತಂದೆಗಳಿಂದ ಬಂದ ಪ್ರತಿಭಟನೆಯ ಪತ್ರಗಳೂ ಕಛೇರಿಯಲ್ಲಿ ರಾಶಿಬಿದ್ದವು. ಸೌದೆಯ ಅಭಾವವೆಂಬ ನೆಪದಿಂದ ಸರ್ಕಾರ ಶಾಲೆಗಳನ್ನು ಮುಚ್ಚಿತು. ಮಾರ್ಚ್ ತಿಂಗಳಲ್ಲಿ ಸಾವಿರಕ್ಕೂ ಮೇಲ್ಪಟ್ಟು ಉಪಾಧ್ಯಾಯರನ್ನು ಬಂಧಿಸಿದರು. ಹಿಮದ ಮೇಲೆ ತೆವಳಿಸಿದರು, ಅರೆಹೊಟ್ಟೆಯಲ್ಲಿಟ್ಟು ದುಡಿಸಿದರು. ಬಗ್ಗದವರಲ್ಲಿ ಸುಮಾರು 500 ಮಂದಿಯನ್ನು ಒಂದು ಸಣ್ಣ ಹಡಗಿನಲ್ಲಿ ತುಂಬಿ, ಉತ್ತರದ ತುತ್ತತುದಿಯಾದ ಕಿರ್ಕನೇಸಿಗೆ ಕೂಲಿಕೆಲಸಕ್ಕಾಗಿ ಸಾಗಿಸಿದರು. ಪಾದ್ರಿಯ ಮಗನಾದ ಆತನ ವಿರುದ್ಧ ಪಾದ್ರಿಗಳೂ ನಿಂತರು. ಬಿಷಪ್ಪರೆಲ್ಲ ರಾಜೀನಾಮೆಯಿತ್ತರು, ಈಸ್ಟರ್ ಹಬ್ಬದಲ್ಲಿ ಬಹುಪಾಲು ಪಾದ್ರಿಗಳು ಸರ್ಕಾರದ ಕೆಲಸವನ್ನು ತೊರೆದರು. ಕೊನೆಗೆ ಕ್ವಿಸ್ಲಿಂಗನೇ ಒಂದು ಶಾಲೆಗೆ ಹೋಗಿ, ತನ್ನ ಯೋಜನೆಯನ್ನೆಲ್ಲ ಹಾಳುಮಾಡಿದವರು ಉಪಾಧ್ಯಾಯರೇ ಎಂದು ಕೂಗಾಡಿದನು. ನವೆಂಬರ್ ಹೊತ್ತಿಗೆ ಬಂಧಿತರೆಲ್ಲ ಮನೆಗೆ ಮರಳಿದರು. ಪಕ್ಷದ ಉಪಾಧ್ಯಾಯಸಂಘ ಕಾಗದದ ಮೇಲೆಯೇ ಉಳಿಯಿತು.

ವಿದ್ಯಾರ್ಥಿಗಳೂ ಸುಮ್ಮನಿರಲಿಲ್ಲ. ಕಾಗದಗಳನ್ನು ಒಟ್ಟಿಗೆ ಹಿಡಿದಿಡುವ ತಂತಿಯ ಕ್ಲಿಪ್ಪನ್ನು ಅಂಗಿಗೆ ಸಿಕ್ಕಿಸಿಕೊಂಡು, ನಾವೆಲ್ಲ ಒಂದಾಗಿದ್ದೇವೆಂದು ತೋರಿಸಿದರು. 1943ರ ನವೆಂಬರ್ 30ರಂದು ಜರ್ಮನರು ಓಸ್ಲೋ ವಿಶ್ವವಿದ್ಯಾನಿಲಯವನ್ನು ಸುತ್ತುವರಿದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಸೆರೆಹಿಡಿದರು. ಅವರಲ್ಲಿ 600ಕ್ಕೂ ಹೆಚ್ಚು ಮಂದಿಯನ್ನು ಜರ್ಮನಿಯ ಶಿಬಿರಗಳಿಗೆ ಒಯ್ದರು.

ಎಲ್ಲಕ್ಕಿಂತ ದೊಡ್ಡ ಪಾತಕ ಇನ್ನೊಂದಿದೆ. ನಾರ್ವೆಯಲ್ಲಿದ್ದ ಯೆಹೂದ್ಯರು ಎರಡು ಸಾವಿರದ ಆಸುಪಾಸು. 1942ರ ಅಕ್ಟೋಬರಿನಲ್ಲಿ ಅವರ ಆಸ್ತಿಯನ್ನೆಲ್ಲ ಕಸಿದುಕೊಳ್ಳುವ ಶಾಸನಕ್ಕೆ ಕ್ವಿಸ್ಲಿಂಗ್ ರುಜು ಹಾಕಿದನು. ನಾರ್ವೆಯ ಪೋಲೀಸರೇ ಮನೆಮನೆಗೆ ಹೋಗಿ ಹೆಂಗಸರು, ಮಕ್ಕಳು, ಮುದುಕರೆನ್ನದೆ ಹಿಡಿದು ತಂದರು. ನವೆಂಬರ್ 26ರಂದು ದೋನಾವ್ ಎಂಬ ಹಡಗು 500ಕ್ಕೂ ಹೆಚ್ಚು ಜನರನ್ನು ಹೊತ್ತು ಓಸ್ಲೋದಿಂದ ಹೊರಟಿತು. ಅವರನ್ನು ಒಯ್ದುದು ಔಷ್ವಿಟ್ಸ್ ಕೊಲೆಶಿಬಿರಕ್ಕೆ. ಒಟ್ಟು 770ಕ್ಕೂ ಹೆಚ್ಚು ಮಂದಿಯನ್ನು ಹೀಗೆ ಗಡಿಪಾರು ಮಾಡಿದರು. ಬದುಕಿ ಬಂದವರು 40 ಮಂದಿಯೂ ಇಲ್ಲ. ಉಳಿದವರು ನೆರೆಹೊರೆಯವರ ನೆರವಿನಿಂದ ಹಿಮದ ಹಾದಿಯಲ್ಲಿ ಸ್ವೀಡನ್ನಿಗೆ ಓಡಿ ಜೀವ ಉಳಿಸಿಕೊಂಡರು. ಖಾರ್ಕೋವಿನಲ್ಲಿ ಸಾಯುವವರನ್ನು ಎಣಿಸಿ ಲೋಕವನ್ನು ಎಚ್ಚರಿಸಿದ ಕೈಯೇ ಓಸ್ಲೋದಲ್ಲಿ ಆ ಶಾಸನಕ್ಕೆ ರುಜು ಹಾಕಿತು. ಈ ಎರಡು ಕೈಗಳೂ ಒಬ್ಬನವೇ ಎಂಬುದನ್ನು ನನ್ನ ಮನಸ್ಸು ಇಂದಿಗೂ ಸುಲಭವಾಗಿ ಒಪ್ಪುವುದಿಲ್ಲ.

1945ರ ಮೇ ತಿಂಗಳಲ್ಲಿ ಜರ್ಮನಿ ಶರಣಾಯಿತು. ಮೇ 9ರಂದು ಕ್ವಿಸ್ಲಿಂಗ್ ಓಸ್ಲೋವಿನ ಪೋಲೀಸ್ ಠಾಣೆಗೆ ಬಂದು ಒಪ್ಪಿಸಿಕೊಂಡನು. ಆಗಸ್ಟ್ 20ರಂದು ವಿಚಾರಣೆ ಆರಂಭವಾಯಿತು. ರಾಜದ್ರೋಹ, ಕೊಲೆ, ಅಪಹಾರ ಮುಂತಾದ ಆಪಾದನೆಗಳಿದ್ದವು. ಕಡ್ಡಾಯ ದುಡಿಮೆಗೆ ಬಾರದ ಹುಡುಗಿಯರನ್ನು ಹಿಡಿಯಲು ಒಪ್ಪದ ಐಲಿಫ್ಸೆನ್ ಎಂಬ ಪೋಲೀಸ್ ಅಧಿಕಾರಿಯನ್ನು 1943ರಲ್ಲಿ ಗುಂಡಿಕ್ಕಿ ಕೊಲ್ಲಿಸಿದುದೂ ಅವುಗಳಲ್ಲಿ ಒಂದು. ಆತನು ತಪ್ಪೊಪ್ಪಿಕೊಳ್ಳಲಿಲ್ಲ. ತಾನು ಮಾಡಿದ್ದೆಲ್ಲ ನಾರ್ವೆಯನ್ನು ಉಳಿಸುವುದಕ್ಕಾಗಿಯೇ ಎಂದು ಗಂಟೆಗಟ್ಟಲೆ ವಾದಿಸಿದನು. ಅಣ್ಣನನ್ನು ಬಿಟ್ಟು ಎದುರು ಪಕ್ಷವನ್ನು ಸೇರಿದ ವಿಭೀಷಣನನ್ನು ನಾವು ದ್ರೋಹಿ ಎನ್ನುವುದಿಲ್ಲವಲ್ಲ ಎಂದು ಒಬ್ಬ ಗೆಳೆಯನು ನನ್ನೊಡನೆ ವಾದಿಸಿದನು. ವಿಭೀಷಣನು ಹೆಣ್ಣನ್ನು ಕದ್ದವನ ಕಡೆಯಿಂದ ಕಳೆದುಕೊಂಡವನ ಕಡೆಗೆ ಹೋದನು. ಕ್ವಿಸ್ಲಿಂಗ್ ಹೋದುದು ಕದಿಯಲು ಬಂದವನ ಕಡೆಗೆ. ಪಕ್ಷ ಬಿಟ್ಟುದಷ್ಟೇ ದ್ರೋಹವಲ್ಲ. ಯಾರನ್ನು ಬಿಟ್ಟು ಯಾರನ್ನು ಸೇರಿದನೆಂಬುದನ್ನು ನೋಡಬೇಕು.

ಸೆಪ್ಟೆಂಬರ್ 10ರಂದು ಮರಣದಂಡನೆಯ ತೀರ್ಪಾಯಿತು. ಅಕ್ಟೋಬರ್ 24ರ ನಸುಕಿನ ಕತ್ತಲಲ್ಲಿ, ಆಕೆರ್ಸ್‌ಹುಸ್ ಕೋಟೆಯೊಳಗೆ ಆತನನ್ನು ಗುಂಡಿಕ್ಕಿ ಕೊಂದರು. ಆಗ ಆತನ ವಯಸ್ಸು 58. ಶಾಂತಿಕಾಲದಲ್ಲಿ ಮರಣದಂಡನೆಯನ್ನು ಎಂದೋ ಕೈಬಿಟ್ಟಿದ್ದ ಆ ದೇಶದಲ್ಲಿ ಈ ಶಿಕ್ಷೆ ಸರಿಯೇ ಎಂಬ ಚರ್ಚೆ ಅಂದೂ ಇದ್ದಿತು, ಆಮೇಲೂ ನಡೆಯಿತು. ಅಧಿಕಾರಕಾಲದಲ್ಲಿ ಆತನು ವಾಸವಾಗಿದ್ದ ಭವ್ಯ ಬಂಗಲೆಯಲ್ಲಿ 2006ರಿಂದ ಯೆಹೂದ್ಯರ ಹತ್ಯಾಕಾಂಡವನ್ನೂ ಅಲ್ಪಸಂಖ್ಯಾತರ ಬದುಕನ್ನೂ ಅಭ್ಯಾಸ ಮಾಡುವ ಕೇಂದ್ರವಿದೆ. ಶಾಲೆಯ ಮಕ್ಕಳು ಅಲ್ಲಿಗೆ ಬಂದು ಪಾಠ ಕಲಿತು ಹೋಗುತ್ತಾರೆ.

ಪುಸ್ತಕವನ್ನು ಹಿಂದಿರುಗಿಸಿ ಬಂದ ಮೇಲೆ ನಮ್ಮ ಮನೆಯವರ ನಂಬಿಕೆಯನ್ನು ಕುರಿತು ಬಹಳ ಯೋಚಿಸಿದೆ. ಓದಿದವನು ಕೆಡಲಾರನೆಂಬ ಮಾತನ್ನು ಕ್ವಿಸ್ಲಿಂಗ್ ಸುಳ್ಳುಮಾಡಿದನು. ಆದರೆ ಕಿರ್ಕನೇಸಿನ ಕೊರೆಯುವ ಗಾಳಿಯಲ್ಲಿ ಹಡಗಿನ ಮೂಟೆ ಹೊತ್ತ ಆ 500 ಮಂದಿಯೂ ಓದಿದವರೇ. ಅವರಲ್ಲಿ ಎಷ್ಟೋ ಜನ ಹಳ್ಳಿಯ ಮಕ್ಕಳಿಗೆ ಅಕ್ಷರ ತಿದ್ದಿಸಿದ ಸಾಮಾನ್ಯ ಉಪಾಧ್ಯಾಯರು. ಅವರು ಪಡೆದ ಅಂಕಗಳನ್ನು ಯಾವ ಚರಿತ್ರೆಯೂ ಬರೆದಿಟ್ಟಿಲ್ಲ. ಅವರ ಹೆಸರುಗಳು ನಿಘಂಟಿನಲ್ಲಿಲ್ಲ; ಅವು ಅಂಕಿತನಾಮಗಳಾಗಿಯೇ ಉಳಿದವು. ಈ ವರ್ಷ ಪರೀಕ್ಷೆ ಮುಗಿಸಿ ಊರಿಗೆ ಹೋದಾಗ, ಎಷ್ಟು ಅಂಕ ಬಂದಿತೆಂದು ಮನೆಯಲ್ಲಿ ಕೇಳುತ್ತಾರೆ. ಅಂಕಗಳನ್ನು ಹೇಳುತ್ತೇನೆ. ಅವರು ಬಿಡುವಾಗಿ ಕುಳಿತಾಗ ಈ ಉಪಾಧ್ಯಾಯರ ಕಥೆಯನ್ನೂ ಹೇಳಬೇಕೆಂದಿದ್ದೇನೆ.